ಕಿವಿಯಿಂದ ಗೇರ್ ಬದಲಿಸುವುದು

ಕಾರಿನ ಮೈಲೇಜ್ ಇಷ್ಟು ಎಂದು ಯಾರಾದರೂ ಹೇಳಿದರೆ ನನ್ನ ಅಣ್ಣ ಕೇಳುತ್ತಿದ್ದ ಮೊದಲ ಪ್ರಶ್ನೆ, "ಹೇಗೆ ಅಳೆದ್ರಿ?" ಡ್ಯಾಶ್‌ಬೋರ್ಡಿನ ಪರದೆ ತೋರಿಸುವ ಸಂಖ್ಯೆಯನ್ನು ಅವನು ನಂಬುತ್ತಿರಲಿಲ್ಲ. ಕಂಪನಿಯವರು ಜಾಹೀರಾತಿನಲ್ಲಿ ಹೇಳುವುದನ್ನು ಮದುವೆ ಬ್ರೋಕರ್ ತಂದ ಫೋಟೋ ನೋಡುವ ಹಾಗೆ ನೋಡುತ್ತಿದ್ದ. ಅವನ ಪ್ರಕಾರ ಅಳೆಯುವ ದಾರಿ ಒಂದೇ. ಟ್ಯಾಂಕ್ ತುಂಬಿಸಬೇಕು, ಓಡಿಸಬೇಕು, ಮತ್ತೆ ತುಂಬಿಸಬೇಕು. ಎರಡನೇ ಸಲ ಎಷ್ಟು ಹಿಡಿಯಿತೋ ಕಾರು ಅಷ್ಟು ಕುಡಿದಿದೆ.

ಇದು ಕೇಳಲು ಸುಲಭ. ಆದರೆ ಅಣ್ಣ ಮತ್ತು ಅವನ ಇಬ್ಬರು ಗೆಳೆಯರು ಅದನ್ನು ಒಂದು ವ್ರತದಂತೆ ಮಾಡಿಕೊಂಡಿದ್ದರು. ಮಾಗಡಿ ರಸ್ತೆಯ ಒಂದೇ ಪೆಟ್ರೋಲ್ ಬಂಕ್. ಅದರಲ್ಲೂ ಎಡತುದಿಯ ಪಂಪು. ಕಾರಿನ ಮುಂದಿನ ಚಕ್ರ ಅಲ್ಲಿನ ಕಾಂಕ್ರೀಟ್ ನೆಲದ ಒಂದು ಬಿರುಕಿನ ಮೇಲೆ ನಿಲ್ಲಬೇಕು; ಕಾರು ಸ್ವಲ್ಪ ವಾಲಿದರೂ ಟ್ಯಾಂಕು ಹಿಡಿಯುವುದು ಬದಲಾಗುತ್ತದೆ. ಪೈಪು ತಾನಾಗಿ ಟಕ್ ಎಂದು ನಿಂತ ಮೇಲೆ ಒಂದು ಹನಿಯನ್ನೂ ಹಾಕಬಾರದು. ನನ್ನ ಕೆಲಸ ಅಲ್ಲಿತ್ತು. ಬಂಕಿನವನು ಅಭ್ಯಾಸದಂತೆ "ರೌಂಡ್ ಫಿಗರ್ ಮಾಡ್ಲಾ ಮೇಡಂ?" ಎಂದು ಕೇಳಿದಾಗ "ಬೇಡ" ಎನ್ನುವುದು. ನಾನು ಎಂ.ಎಸ್ಸಿ.ಯಲ್ಲಿ ಸಂಖ್ಯಾಶಾಸ್ತ್ರ ಓದಿದವಳು, ಅಳತೆಯಲ್ಲಿ ಜಗಳವಾಡುವವಳು ಎಂದು ಅಣ್ಣ ನನ್ನನ್ನು ಕರೆದುಕೊಂಡು ಹೋಗುತ್ತಿದ್ದ. ಅಲ್ಲಿ ನಾನು ಆಡುತ್ತಿದ್ದ ಮಾತು ಹೆಚ್ಚು ಕಡಿಮೆ ಅದೊಂದೇ.

ಗೆಳೆಯರನ್ನು ನಮ್ಮ ಮನೆಯಲ್ಲಿ ಅವರವರ ಏರಿಯಾ ಹೆಸರಿನಿಂದಲೇ ಗುರುತಿಸುತ್ತಿದ್ದೆವು. ಸುಂಕದಕಟ್ಟೆಯವನಿಗೆ ಅಪ್ಪನಿಂದ ಬಂದ ಲೇತ್ ಶಾಪ್ ಇತ್ತು. ದಪ್ಪ ಮೈ, ಮಡಕೆಯೊಳಗಿಂದ ಬಂದಂಥ ದನಿ. ಕೆಂಗೇರಿಯವನು ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಮೆಕ್ಯಾನಿಕಲ್ ಪಾಠ ಮಾಡುವ ಮೇಷ್ಟ್ರು. ಅಣ್ಣ ವಿಜಯನಗರದ ಒಂದು ಸಹಕಾರಿ ಬ್ಯಾಂಕಿನಲ್ಲಿ ಗುಮಾಸ್ತ. ನಾವು ಇರುವುದು ಬಸವೇಶ್ವರನಗರದಲ್ಲಿ: ಅಮ್ಮ, ಅಣ್ಣ, ನಾನು. ಭಾನುವಾರ ಬೆಳಿಗ್ಗೆ ಬಂಕಿನ ಪಕ್ಕದ ದರ್ಶಿನಿಯಲ್ಲಿ ಅಣ್ಣ ಮತ್ತು ಗೆಳೆಯರಿಬ್ಬರು ನಿಂತುಕೊಂಡೇ ಇಡ್ಲಿ ವಡೆ ತಿಂದು, ಕಾಫಿ ಬೈಟು ಮಾಡಿಕೊಂಡು, ಯಾರದಾದರೂ ಒಂದು ಕಾರಿನಲ್ಲಿ ತಾವರೆಕೆರೆ ದಾಟಿ ಹೋಗಿ ವಾಪಸ್ ಬರುತ್ತಿದ್ದರು. ಯಾರ ಕಾರಾದರೂ ಅಳತೆಯ ದಿನ ಓಡಿಸುವವನು ಅಣ್ಣನೇ.

ಅದಕ್ಕೆ ಕಾರಣ ಅವನ ಕಿವಿ. ಇಂಜಿನ್ನಿನ ಸದ್ದು ಯಾವ ಹಂತಕ್ಕೆ ಬಂದಾಗ ಗೇರ್ ಬದಲಿಸಬೇಕೆಂದು ಅವನಿಗೆ ತಿಳಿಯುತ್ತಿದ್ದ ಹಾಗೆ ಬೇರೆಯವರಿಗೆ ತಿಳಿಯುತ್ತಿರಲಿಲ್ಲ. ಬಾನೆಟ್ ತೆಗೆಯದೆಯೇ ಯಾವ ಬೆಲ್ಟ್ ಸಡಿಲವಾಗಿದೆ ಎನ್ನುತ್ತಿದ್ದ. ಗೆಳೆಯರು ಅವನನ್ನು "ಕಿವಿ" ಎಂದೇ ಕರೆಯುತ್ತಿದ್ದರು. "ತಡಿಯೋ, ಕಿವಿ ಬರ್ಲಿ, ಆಮೇಲೆ ಮಾತಾಡೋಣ."

ನನಗೆ ಕಾರು ಕಲಿಸಿದ್ದೂ ಅವನೇ, ಶ್ರೀಗಂಧದ ಕಾವಲಿನ ಹೊಸ ಬಡಾವಣೆಯ ಖಾಲಿ ರಸ್ತೆಗಳಲ್ಲಿ. ಅವನ ಕಾರು ಸೆಕೆಂಡ್ ಹ್ಯಾಂಡ್ ಸೆಡಾನ್. ಅದರಲ್ಲಿ ಇಂಜಿನ್ ಎಷ್ಟು ಜೋರಾಗಿ ತಿರುಗುತ್ತಿದೆ ಎಂದು ತೋರಿಸುವ ಆರ್‌ಪಿಎಂ ಮೀಟರಿನ ಮೇಲೆ ಕಪ್ಪು ಟೇಪು ಅಂಟಿಸಿದ್ದ. ನಾನು ಅದೇಕೆ ಎಂದೆ.

"ಅದನ್ನ ನೋಡ್ಕೊಂಡು ಓಡ್ಸೋದು ಕಾಪಿ ಹೊಡೆದು ಪಾಸಾದಂಗೆ ಕಣೇ. ಇಂಜಿನ್ನೇ ಹೇಳತ್ತೆ, ಸಾಕು ಬದಲಾಯ್ಸು ಅಂತ. ಅದು ಹೇಳೋವರ್ಗೂ ಕ್ಲಚ್ ಮುಟ್ಬೇಡ."

"ನಂಗೆ ಏನೂ ಹೇಳ್ತಾ ಇಲ್ಲ."

"ಬಾಯಿ ಮುಚ್ಕೊಂಡು ಕೇಳ್ಸ್ಕೊ. ನಿಂಗೆ ಅದು ಕಷ್ಟ ಇಲ್ವಲ್ಲ."

ನಿಧಾನವಾಗಿ ಕೇಳಿಸಿತು. ಎರಡನೇ ಗೇರಿನ ಸದ್ದು ಏರಿ ಏರಿ, ಇನ್ನು ಏರಲಾರೆ ಎಂಬಲ್ಲಿ ಒಂದು ಬಿಗಿತ ಬರುತ್ತದೆ. ಆಗ ಮೂರಕ್ಕೆ. ಏರಿನಲ್ಲಿ ಸದ್ದು ಕುಗ್ಗಿ ಗೊರಗೊರ ಎನ್ನುವ ಮುಂಚೆಯೇ ಮತ್ತೆ ಎರಡಕ್ಕೆ. ಅಣ್ಣ ನನಗೆ ಕಲಿಸಿದ ಎಷ್ಟೋ ವಿಷಯಗಳಲ್ಲಿ ಪೂರ್ತಿಯಾಗಿ ನನ್ನದಾದದ್ದು ಇದೊಂದೇ.

ಅವನ ಕಾರಿನ ಆಯಿಲ್ ಬದಲಾಯಿಸಿದ ಮೇಲಿನ ಒಂದು ಭಾನುವಾರ ಎಲ್ಲ ಶುರುವಾಯಿತು ಎಂದು ಈಗ ಅನ್ನಿಸುತ್ತದೆ. ನಿಜವಾಗಿ ಅದಕ್ಕೂ ಬಹಳ ಮುಂಚೆಯೇ ಶುರುವಾಗಿತ್ತು. ಅಂದು ಅಣ್ಣ ದರ್ಶಿನಿಯ ಮುಂದೆ ಕಾರು ನಿಲ್ಲಿಸಿ, ಇಂಜಿನ್ ಆಫ್ ಮಾಡದೆ ಇಳಿದು ಬಂದು, "ಕೇಳ್ರೋ" ಎಂದ. ಅವನ ಮುಖ ಹಬ್ಬದಂತಿತ್ತು. "ಹಮ್ ಅಂತಿತ್ತಲ್ಲ, ಅದೇ ಹೋಗ್ಬಿಟ್ಟಿದೆ. ಈ ಹೊಸ ಆಯಿಲ್ ಹಾಕ್ದಾಗಿಂದ ಬೆಣ್ಣೆ."

ಸುಂಕದಕಟ್ಟೆಯವನು ಬಾನೆಟ್ಟಿನ ಹತ್ತಿರ ತಲೆ ಬಗ್ಗಿಸಿದ. "ಹೌದು ಗುರು. ಸ್ಮೂತ್ ಆಗಿದೆ."

ಕೆಂಗೇರಿಯವನು ಕಾಫಿ ಲೋಟ ಹಿಡಿದುಕೊಂಡೇ ಕಣ್ಣು ಮುಚ್ಚಿ ಕೇಳಿದ. "ಸ್ನಿಗ್ಧತೆ ವ್ಯತ್ಯಾಸ" ಎಂದು ಪಾಠದ ದನಿಯಲ್ಲಿ ಹೇಳಿದ.

ನನಗೆ ಏನೂ ಬದಲಾದಂತೆ ಕೇಳಿಸಲಿಲ್ಲ. ಕಿವಿಯ ವಿಷಯದಲ್ಲಿ ಅಣ್ಣನಿಗೆ ಎದುರು ಹೇಳುವುದು ನನಗೆ ತೋಚಲೂ ಇಲ್ಲ. ಮುಂದಿನ ವಾರವೇ ಇಬ್ಬರೂ ತಮ್ಮ ಕಾರುಗಳಿಗೆ ಅದೇ ಆಯಿಲ್ ಹಾಕಿಸಿದರು. ತಮ್ಮವೂ ಬೆಣ್ಣೆಯಾದವೆಂದು ವಾಟ್ಸ್ಯಾಪ್ ಗುಂಪಿನಲ್ಲಿ ಬರೆದರು.

ಆದರೆ ಅಣ್ಣನ ಕಾರಿನ ಮೈಲೇಜ್ ಇಳಿಯತೊಡಗಿತು. ಪ್ರತಿ ಸಲ ಅಳೆದಾಗಲೂ ಮೊದಲಿಗಿಂತ ಕಡಿಮೆ. ಅದರ ಮೇಲೆ ಎಷ್ಟೋ ಭಾನುವಾರಗಳ ಚರ್ಚೆ ನಡೆಯಿತು. ಪೆಟ್ರೋಲಿಗೆ ಎಥೆನಾಲ್ ಬೆರೆಸುತ್ತಿರುವುದೇ ಕಾರಣ ಎಂದು ಕೆಂಗೇರಿಯವನು. ಟೈರ್ ಗಾಳಿ ಎಂದು ಸುಂಕದಕಟ್ಟೆಯವನು. ಇಂಜೆಕ್ಟರ್ ಕ್ಲೀನ್ ಮಾಡಿಸಿದರು, ಏರ್ ಫಿಲ್ಟರ್ ಬದಲಾಯಿಸಿದರು. ಗೇರ್ ಬದಲಿಸುವವನ ಬಗ್ಗೆ ಯಾರೂ ಮಾತಾಡಲಿಲ್ಲ. ಪಕ್ಕದ ಸೀಟಿನಲ್ಲಿ ಕೂತ ನನಗೆ ಮಾತ್ರ ಕೆಲವು ಸಲ ಇಂಜಿನ್ ಮೂರನೇ ಗೇರಿನಲ್ಲೇ ಬಹಳ ಹೊತ್ತು ಅರಚುತ್ತಿದೆ ಅನ್ನಿಸುತ್ತಿತ್ತು. "ಅಣ್ಣ, ಗೇರ್" ಎಂದರೆ ತಕ್ಷಣ "ಹ್ಞಾ" ಎಂದು ಬದಲಿಸುತ್ತಿದ್ದ. ಏನೋ ಯೋಚನೆಯಲ್ಲಿದ್ದಾನೆ ಎಂದುಕೊಳ್ಳುತ್ತಿದ್ದೆ. ಯಾಕೆಂದರೆ ನಾನು ಮೆಲ್ಲಗೆ ಹೇಳಿದ್ದೂ ಅವನಿಗೆ ಕೇಳಿಸುತ್ತಿತ್ತು. ಅಮ್ಮ ಅಡುಗೆಮನೆಯಲ್ಲಿ ಚಮಚ ಬೀಳಿಸಿದರೆ ಅವನು ನಡುಮನೆಯಿಂದಲೇ "ಏನಮ್ಮ ಅದು" ಎನ್ನುತ್ತಿದ್ದ. ಅಂಥವನ ಕಿವಿಯನ್ನು ಯಾರು ತಾನೇ ಅನುಮಾನಿಸುತ್ತಾರೆ?

ಬ್ಯಾಂಕಿನಿಂದ ಬಂದು ಒಂದು ದೂರನ್ನು ಮಾತ್ರ ಅವನು ಆಗಾಗ ಹೇಳುತ್ತಿದ್ದ. "ಈಗಿನ ಗಂಡಸ್ರೆಲ್ಲ ಬಾಯಲ್ಲಿ ಅವಲಕ್ಕಿ ಇಟ್ಕೊಂಡು ಮಾತಾಡ್ತಾರಮ್ಮ. ಕೌಂಟರ್‌ನಲ್ಲಿ ಹೆಂಗಸ್ರು ಬಂದ್ರೆ ನಂಗೆ ನೆಮ್ಮದಿ."

"ಬೇಗ ಒಬ್ಳನ್ನ ಮನೆಗೂ ಕರ್ಕೊಂಡ್ ಬಾರಪ್ಪ ಹಾಗಾದ್ರೆ" ಎನ್ನುತ್ತಿದ್ದಳು ಅಮ್ಮ.

ಆ ಹೊತ್ತಿಗೆ ಅಣ್ಣನ ಕಾರಿನದೇ ಹೊಸ ಮಾಡೆಲ್ ಬರುವ ಸುದ್ದಿ ಬಂತು. ಹೆಸರು ಮಾತ್ರ ಹಳೆಯದು. ಕಾರು ಪೂರ್ತಿ ಹೊಸದು. ಉದ್ದ ಹೆಚ್ಚು, ಒಳಗೆ ಜಾಗ ಹೆಚ್ಚು, ಚಿಕ್ಕ ಟರ್ಬೊ ಇಂಜಿನ್. ಸುಂಕದಕಟ್ಟೆಯವನು ಬುಕ್ ಮಾಡಿಯೇಬಿಟ್ಟ. ದರ್ಶಿನಿಯ ಕಟ್ಟೆಯ ಸುತ್ತ ಬೇರೆ ಮಾತೇ ಇರಲಿಲ್ಲ.

"ಪವರ್ರೂ ಜಾಸ್ತಿ, ಮೈಲೇಜೂ ಜಾಸ್ತಿ ಅಂತಾನೆ. ಎರಡೂ ಹೆಂಗೋ ಆಗತ್ತೆ?" ಅಣ್ಣ ಕೇಳಿದ.

"ಇಂಜಿನ್ ಚಿಕ್ಕದು, ಟರ್ಬೊ ಗಾಳಿ ತುಂಬತ್ತೆ. ಸುಮ್ನೆ ಹೋಗ್ತಿದ್ರೆ ಚಿಕ್ಕ ಇಂಜಿನ್ನಿನ ಖರ್ಚು, ಒತ್ತಿದ್ರೆ ದೊಡ್ಡ ಇಂಜಿನ್ನಿನ ಎಳೆತ" ಎಂದ ಕೆಂಗೇರಿಯವನು.

"ಅಂದ್ರೆ ಮದ್ವೆ ಮನೆ ಬಫೆ. ತಟ್ಟೆ ಚಿಕ್ಕದು ಅಂತ ಯಾರೂ ಕಡಿಮೆ ತಿನ್ನಲ್ಲ ಮಗಾ, ನಾಲ್ಕ್ ಸಲ ಹೋಗ್ತಾರೆ" ಎಂದ ಅಣ್ಣ.

"ನೀನು ಒತ್ಬೇಡ, ಅಷ್ಟೆ" ಎಂದ ಸುಂಕದಕಟ್ಟೆಯವನು. "ನಿನ್ ಕಾಲು ನಂಗೊತ್ತಿಲ್ವಾ? ನೀನೇ ಅಳೀಬೇಕು ಗುರು. ನೀನು ಓಕೆ ಅಂದ್ರೆ ನಮ್ಮಪ್ಪನ ಎದುರಿಗೆ ತಲೆ ಎತ್ಕೊಂಡು ಓಡಾಡ್ತೀನಿ."

"ಈಗ ಸೆಡಾನ್ ಯಾರೋ ತಗೋತಾರೆ? ಪ್ರತಿ ಹಂಪಲ್ಲೂ ಹೊಟ್ಟೆ ಉಜ್ಜತ್ತೆ" ಎಂದ ಕೆಂಗೇರಿಯವನು.

"ನಿನ್ ಹೊಟ್ಟೆಗಿಂತ ಮೇಲೇ ಇದೆ ಬಿಡೋ" ಎಂದ ಸುಂಕದಕಟ್ಟೆಯವನು, ಮೇಷ್ಟ್ರ ಹೊಟ್ಟೆ ತಟ್ಟಿ.

ಕಾರು ಬಂದ ವಾರವೇ ಅಳತೆಗೆ ನಿಂತೆವು. ಬಿಳಿ ಬಣ್ಣ, ಸೀಟಿನ ಪ್ಲಾಸ್ಟಿಕ್ ಇನ್ನೂ ತೆಗೆದಿರಲಿಲ್ಲ, ಕನ್ನಡಿಗೆ ಪೂಜೆಯ ಹೂವು. ಬಿರುಕಿನ ಮೇಲೆ ಚಕ್ರ ನಿಲ್ಲಿಸಿ ಟ್ಯಾಂಕ್ ತುಂಬಿಸಿದರು. ಸುಂಕದಕಟ್ಟೆಯವನು ಕಾರನ್ನು ಬಂಕಿನ ಹೊರಗೆ ತಂದು, ಎ.ಸಿ. ಆರದಿರಲೆಂದು ಇಂಜಿನ್ ಓಡುತ್ತಿರುವಂತೆಯೇ ಇಳಿದು ಅಣ್ಣನಿಗೆ ಜಾಗ ಬಿಟ್ಟ. ಅಣ್ಣ ಕೂತ, ಸೀಟು ಸರಿಪಡಿಸಿಕೊಂಡ, ಬೆಲ್ಟ್ ಹಾಕಿದ, ಸ್ಟಾರ್ಟ್ ಗುಂಡಿ ಒತ್ತಿದ. ಇಂಜಿನ್ ನಿಂತುಹೋಯಿತು.

ಅವನಿಗೆ ತಿಳಿಯಲಿಲ್ಲ. ಗೇರ್ ಹಾಕಿದ, ಕ್ಲಚ್ ಬಿಟ್ಟ, ಕಾರು ಅಲ್ಲಾಡಲಿಲ್ಲ.

ಹಿಂದಿನ ಸೀಟಿನಲ್ಲಿದ್ದ ಇಬ್ಬರೂ ಜೋರಾಗಿ ನಕ್ಕರು. "ಲೋ, ಓಡ್ತಿರೋ ಇಂಜಿನ್ ಆಫ್ ಮಾಡಿದ್ಯಲ್ಲೋ!"

ಅಣ್ಣ ನನ್ನ ಕಡೆ ನೋಡಿದ. ನಾನು "ಆಫ್ ಆಯ್ತು, ಅಣ್ಣ" ಎಂದೆ. ಆಮೇಲೆ ಅವನೂ ನಕ್ಕ. "ಎಂಥ ಸೈಲೆಂಟ್ ಗುರು ಇದು!"

"ಕಿವಿಗೇ ಗೊತ್ತಾಗ್ಲಿಲ್ಲ ಅಂದ್ರೆ ಮುಗೀತು" ಎಂದು ಕೆಂಗೇರಿಯವನು ಅಲ್ಲೇ ಫೋನ್ ತೆಗೆದು ಗುಂಪಿನಲ್ಲಿ ಬರೆದ. ಸುಂಕದಕಟ್ಟೆಯವನು ಮಗನಿಗೆ ರ‍್ಯಾಂಕ್ ಬಂದವನಂತೆ ಬೀಗಿದ. ಆ ಕಾರಿಗೆ ಅದಕ್ಕಿಂತ ದೊಡ್ಡ ಹೊಗಳಿಕೆ ಬೇಕಿರಲಿಲ್ಲ.

ನಾನು ನಗಲಿಲ್ಲ. ಆ ಕಾರು ಸೈಲೆಂಟ್ ಆಗಿರಲಿಲ್ಲ. ಒಳಗೆ ಕೂತವರಿಗೆ ಇಂಜಿನ್ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಇಲ್ಲದೇ ಇದ್ದದ್ದು ನಡುಕ. ಅಣ್ಣನ ಹಳೆಯ ಕಾರಿನಲ್ಲಿ ಗೇರಿನ ಗುಬಟು ಅಂಗೈಯಲ್ಲಿ ಸದಾ ಅದುರುತ್ತದೆ, ಪೆಡಲ್ ಪಾದದಡಿ ಮಿಡಿಯುತ್ತದೆ. ಇಷ್ಟು ದಿನ ಅವನು ಕಿವಿಯಿಂದಲ್ಲ, ಅಂಗೈಯಿಂದ ಓಡಿಸುತ್ತಿದ್ದ. ಅದು ಅವನಿಗೇ ಗೊತ್ತಿರಲಿಲ್ಲ. ಹೊಸ ಕಾರನ್ನು ರೂಪಿಸಿದವರು ಆ ನಡುಕವನ್ನೆಲ್ಲ ಅಳಿಸಿಹಾಕಿದ್ದರು.

ತಾವರೆಕೆರೆಯ ದಾರಿಯಲ್ಲಿ ಅವನ ಗೇರುಗಳೆಲ್ಲ ತಲೆಕೆಳಗಾದವು. ಸಪಾಟು ರಸ್ತೆಯಲ್ಲಿ ಮೂರನೇ ಗೇರು, ಏರಿನಲ್ಲಿ ಐದನೆಯದು. ಹಿಂದೆ ಇಬ್ಬರೂ ಟರ್ಬೊ ಎಳೆತದ ಬಗ್ಗೆ ವಾದಿಸುತ್ತಿದ್ದರು. "ನೋಡು, ಒತ್ತಿದ ತಕ್ಷಣ ಬರಲ್ಲ, ಒಂದ್ ಕ್ಷಣ ಯೋಚ್ನೆ ಮಾಡತ್ತೆ." "ಯೋಚ್ನೆ ಮಾಡೋದು ಒಳ್ಳೇದೇ, ನಿನ್ ಥರ ಅಲ್ಲ." ಅವರು ತಮಾಷೆ ಮಾಡುತ್ತಿದ್ದುದು ಅಣ್ಣನನ್ನೇ. ಅವನು ರಸ್ತೆಯನ್ನೇ ನೋಡುತ್ತಿದ್ದ. ಬಂಕಿಗೆ ವಾಪಸ್ ಬಂದು ಟ್ಯಾಂಕ್ ತುಂಬಿಸಿದಾಗ ಪೈಪು ನಿಲ್ಲಲೇ ಇಲ್ಲ ಅನ್ನಿಸಿತು. ನಾನು ಭಾಗಿಸಿ ಹೇಳಿದೆ. ಕಂಪನಿ ಹೇಳಿದ್ದರ ಅರ್ಧಕ್ಕಿಂತ ಸ್ವಲ್ಪ ಮೇಲೆ.

"ಇನ್ನೊಂದ್ ಸಲ ಮಾಡಮ್ಮ" ಎಂದ ಸುಂಕದಕಟ್ಟೆಯವನು. ಮಾಡಿದೆ. ಅಷ್ಟೇ ಬಂತು.

"ನಾನ್ ಹೇಳ್ಲಿಲ್ವಾ, ಬಫೆ" ಎಂದ ಅಣ್ಣ. ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ. ಸುಂಕದಕಟ್ಟೆಯವನು ಕನ್ನಡಿಯ ಹೂವನ್ನು ಸರಿಪಡಿಸಿ ಕಾರು ತೆಗೆದುಕೊಂಡು ಹೋದ.

ಆ ವಾರವೇ ಮನೆಯಲ್ಲಿ ಒಂದು ಬೆಳಿಗ್ಗೆ ಮೇಲಿನ ಟ್ಯಾಂಕ್ ತುಂಬಿ ನೀರು ಸುರಿಯಿತು. ಅಣ್ಣ ಸಂಪಿನ ಪಕ್ಕದಲ್ಲೇ ನಿಂತು ಹಲ್ಲುಜ್ಜುತ್ತಿದ್ದ. ನೀರು ಬಿದ್ದ ಸದ್ದಿಗೆ ತಟ್ಟನೆ ತಲೆಯೆತ್ತಿ, "ಅಮ್ಮಾ, ನೀರೆಲ್ಲಿಂದ ಬೀಳ್ತಿದೆ? ಮೋಟರ್ ಹಾಕಿಲ್ವಲ್ಲ!" ಎಂದ. ಮೋಟರು ಅವನ ಕಾಲಿನ ಬಳಿ ಗುಂಯ್‌ಗುಡುತ್ತಿತ್ತು. ಅಮ್ಮ ಸ್ವಿಚ್ ಆರಿಸಿ ಬಂದು ಅವನನ್ನೇ ನೋಡಿದಳು. "ನಮ್ಮಪ್ಪಂಗೂ ಹಿಂಗೇ" ಎಂದಳು ನನಗೆ ಮಾತ್ರ. ಬಾಪೂಜಿ ನಗರದಲ್ಲಿದ್ದ ತಾತನಿಗೆ ಗಂಡಸರು ಏನು ಹೇಳಿದರೂ ಕೇಳಿಸುತ್ತಿರಲಿಲ್ಲವಂತೆ, ಅಜ್ಜಿಯ ಮಾತು ಮಾತ್ರ ಕೇಳಿಸುತ್ತಿತ್ತಂತೆ. ಬೀದಿಯವರೆಲ್ಲ ಹೆಂಡತಿಯ ಗುಲಾಮ ಎಂದು ನಗುತ್ತಿದ್ದರಂತೆ. ಕಡೆಕಡೆಗೆ ಅಜ್ಜಿಯದೂ ಕೇಳಿಸಲಿಲ್ಲ.

ರಾಜಾಜಿನಗರದ ಒಂದು ಕ್ಲಿನಿಕ್ಕಿಗೆ ಅಣ್ಣನನ್ನು ಕರೆದುಕೊಂಡು ಹೋದೆ. ಸದ್ದು ನುಗ್ಗದ ಗಾಜಿನ ಕೋಣೆಯಲ್ಲಿ ಅವನಿಗೆ ಹೆಡ್‌ಫೋನ್ ಹಾಕಿ ಕೂರಿಸಿದರು. ಸದ್ದು ಕೇಳಿಸಿದಾಗ ಕೈ ಎತ್ತಬೇಕು. ನಾನು ಗಾಜಿನ ಈಚೆ ನಿಂತಿದ್ದೆ. ಬಹಳ ಹೊತ್ತು ಅವನು ಕೈ ಎತ್ತಲಿಲ್ಲ. ನನ್ನನ್ನು ನೋಡುತ್ತ, ಇನ್ನೂ ಶುರುವಾಗಿಲ್ಲವೇನೋ ಎಂಬಂತೆ ಹುಬ್ಬು ಏರಿಸಿದ. ಪರೀಕ್ಷೆ ಶುರುವಾಗಿ ಆಗಲೇ ಎಷ್ಟೋ ಹೊತ್ತಾಗಿತ್ತು. ಆಮೇಲೆ ಸಣ್ಣ ಕೀಚು ದನಿಗಳು ಬಂದಾಗ ಪ್ರತಿಯೊಂದಕ್ಕೂ ಕೈ ಎತ್ತಿದ, ಉತ್ತರ ಗೊತ್ತಿರುವ ಹುಡುಗನಂತೆ.

ಪರೀಕ್ಷೆ ಮಾಡಿದವರು ವಯಸ್ಸಾದ ಹೆಂಗಸು. ಗ್ರಾಫನ್ನು ನಮ್ಮ ಮುಂದೆ ಇಟ್ಟರು. ಎಡಗಡೆ ತಳದಲ್ಲಿದ್ದ ಗೆರೆ ಬಲಕ್ಕೆ ಹೋದಂತೆ ಮೇಲೇರಿತ್ತು. ಅವರು ವಿವರಿಸುವ ಮೊದಲೇ ನನಗೆ ಅರ್ಥವಾಯಿತು. ದಪ್ಪ ಸದ್ದುಗಳು ಹೋಗಿವೆ, ತೆಳು ಸದ್ದುಗಳು ಉಳಿದಿವೆ. ಸಾಮಾನ್ಯವಾಗಿ ಕಿವಿ ಹೋಗುವುದು ಇದಕ್ಕೆ ಉಲ್ಟಾ. ಇದು ಅಪರೂಪ, ಮನೆತನದಲ್ಲಿ ಬರುವಂಥದು ಎಂದರು.

"ನಿಮ್ಮ ಮಾತು ನಂಗೆ ಚೆನ್ನಾಗೇ ಕೇಳ್ತಾ ಇದೆ ಮೇಡಂ" ಎಂದ ಅಣ್ಣ.

"ಅದಕ್ಕೇ ಇಷ್ಟು ದಿನ ಯಾರಿಗೂ ಗೊತ್ತಾಗಿಲ್ಲ."

"ಸರಿ ಹೋಗತ್ತಾ?"

"ಇಲ್ಲಪ್ಪ. ನರದ ತೊಂದ್ರೆ ಇದು. ನಿಧಾನವಾಗಿ ಈ ಕಡೇದೂ ಇಳೀತಾ ಹೋಗತ್ತೆ" ಎಂದು ಅವರು ಗೆರೆಯ ಬಲತುದಿಯನ್ನು ತೋರಿಸಿದರು.

ಅಣ್ಣ ಇನ್ನೊಂದೇ ಒಂದು ಪ್ರಶ್ನೆ ಕೇಳಿದ. "ಮೆಷಿನ್ ಹಾಕ್ಕೊಂಡ್ರೆ ಇಂಜಿನ್ ಸೌಂಡ್ ಕೇಳತ್ತಾ?"

"ಮಾತಿಗೆ ಅಂತ ಮಾಡಿರೋದು ಅದು. ಒಂದೇ ಸಮ ಬರೋ ಸದ್ದನ್ನ ಅದು ಗಲಾಟೆ ಅಂದ್ಕೊಂಡು ತಗ್ಗಿಸ್ಬಿಡತ್ತೆ."

ಹೊರಡುವಾಗ ನನ್ನನ್ನು ಕರೆದು, "ನೀವೂ ಒಂದ್ಸಲ ನೋಡಿಸ್ಕೊಳ್ಳಿ" ಎಂದರು. ನಾನು ಇನ್ನೂ ಹೋಗಿಲ್ಲ.

ಮುಂದಿನ ಭಾನುವಾರ ಅಣ್ಣನೇ ಸುಂಕದಕಟ್ಟೆಯವನಿಗೆ ಫೋನ್ ಮಾಡಿ ಬಿಳಿ ಕಾರನ್ನು ಮತ್ತೆ ಬಂಕಿಗೆ ತರಿಸಿದ. ಟ್ಯಾಂಕ್ ತುಂಬಿದ ಮೇಲೆ ಡ್ರೈವರ್ ಸೀಟಿನ ಬಾಗಿಲು ತೆಗೆದು ನನ್ನತ್ತ ತಿರುಗಿ, "ನೀನು ಓಡ್ಸು" ಎಂದ.

"ಯಾಕೋ? ನಿಂಗೇನಾಯ್ತು?" ಎಂದರು ಇಬ್ಬರೂ. ಅವನು ಹಿಂದೆ ಹೋಗಿ ಕೂತ.

ನಾನು ಅವನು ಕಲಿಸಿದಂತೆ ಓಡಿಸಿದೆ. ಹೊಸ ಇಂಜಿನ್ನಿನ ದನಿ ಬೇರೆ ಥರದ್ದು, ಆದರೆ ಬಿಗಿತ ಬರುವ ಜಾಗ ಸಿಕ್ಕಿತು. ಒಳ್ಳೆಯ ಕಾರು ಅದು. ಹಗುರಾಗಿ ಹೋಗುತ್ತದೆ, ಕೇಳಿದ್ದನ್ನು ಕೊಡುತ್ತದೆ. ಆ ಹೊತ್ತು ಒಂದು ಕ್ಷಣ ನನಗೆ ಸಂತೋಷವೂ ಆಯಿತು. ಕನ್ನಡಿಯಲ್ಲಿ ನೋಡಿದರೆ ಅಣ್ಣ ನನ್ನ ಎಡಗೈಯನ್ನೇ ಗಮನಿಸುತ್ತಿದ್ದ. ವಾಪಸ್ ಬಂದು, ಬಿರುಕಿನ ಮೇಲೆ ನಿಂತು, ಟಕ್ ಎಂದ ಮೇಲೆ ಲೆಕ್ಕ ಹಾಕಿದೆ. ಕಂಪನಿಯ ಸಂಖ್ಯೆಗೆ ಬಹಳ ಹತ್ತಿರ ಬಂತು.

"ಕಾರಿಂದು ತಪ್ಪಿಲ್ಲ" ಎಂದ ಅಣ್ಣ. "ಪವರ್ರೂ ಇದೆ, ಮೈಲೇಜೂ ಇದೆ. ನಾನು ಹೇಳಿದ್ದು ಸುಳ್ಳು. ನಿಮ್ಮಪ್ಪಂಗೆ ಹೇಳು. ನಂಗೆ ಇಂಜಿನ್ ಕೇಳ್ಸಲ್ಲ ಮಗಾ. ಬಹಳ ದಿನ ಆಯ್ತಂತೆ."

ಸುಂಕದಕಟ್ಟೆಯವನು ಅವನ ಭುಜದ ಮೇಲೆ ಕೈಯಿಟ್ಟು ಮೆಲ್ಲಗೆ ಏನೋ ಹೇಳಿದ. ಸಮಾಧಾನ ಹೇಳುವಾಗ ಯಾರೂ ದನಿ ಏರಿಸುವುದಿಲ್ಲ. ಅಣ್ಣ ನನ್ನ ಮುಖ ನೋಡಿದ. ನಾನು, "ಕಿವೀಲಿ ವ್ಯಾಕ್ಸ್ ಇರಬಹುದು, ಕ್ಲೀನ್ ಮಾಡಿಸಿದ್ರೆ ಸರಿಹೋಗತ್ತೆ ಅಂತಿದಾರೆ" ಎಂದೆ.

"ವ್ಯಾಕ್ಸ್ ಅಲ್ವೋ."

ಆಗ ಕೆಂಗೇರಿಯವನು ಬಹಳ ಹಿಂದಿನದೇನೋ ನೆನಪಾದವನಂತೆ, "ಹಾಗಾದ್ರೆ ಆ ಆಯಿಲ್ಲು?" ಎಂದ. "ನಂಗೂ ಕೇಳಿಸ್ತಲ್ಲೋ ವ್ಯತ್ಯಾಸ" ಎಂದ ತನ್ನಷ್ಟಕ್ಕೆ. ಅದನ್ನೂ ನಾನು ಅಣ್ಣನಿಗೆ ಹೇಳಿದೆ. ಅಂದು ಅವನು ನಕ್ಕದ್ದು ಅದಕ್ಕೊಂದಕ್ಕೇ.

ಅಲ್ಲಿಂದ ನನ್ನ ಕೆಲಸ ಬದಲಾಯಿತು. ಗೆಳೆಯರು ಒಳ್ಳೆಯವರು. ಅವನ ಮುಂದೆ ಕಿರುಚಿ ಮಾತಾಡಲು ನೋಡಿದರು. ಆದರೆ ಗಂಡಸರು ಕಿರುಚಿದರೂ ದನಿಯ ದಪ್ಪ ಹೋಗುವುದಿಲ್ಲ, ಅವನಿಗೆ ಅಷ್ಟೇ ಕಷ್ಟ. ಆದ್ದರಿಂದ ಅವರು ಹೇಳಿದ್ದನ್ನೆಲ್ಲ ನಾನು ಮತ್ತೆ ಹೇಳಬೇಕಾಯಿತು, ನನ್ನ ಸಹಜ ದನಿಗಿಂತ ಸ್ವಲ್ಪ ಎತ್ತರಿಸಿ. ಅಪರಿಚಿತರೆದುರು ಕಾಫಿ ಕೇಳಲೂ ಸಂಕೋಚಪಡುವ ನಾನು, ದರ್ಶಿನಿಯಲ್ಲಿ ನಿಂತು, ಟರ್ಬೊ, ಡಿಕ್ಕಿಯ ಜಾಗ, ಹೈಬ್ರಿಡ್ ಕಾರಿನ ಬ್ಯಾಟರಿ, ಸುಂಕದಕಟ್ಟೆಯವನ ಷಡ್ಡಕನ ಕುರಿತ ಪೋಲಿ ಮಾತು, ಎಲ್ಲವನ್ನೂ ಒಂದೇ ಸಮನೆ ವರದಿ ಮಾಡುತ್ತಿದ್ದೆ. ಪೋಲಿ ಮಾತು ಬಂದಾಗ "ಅದೊಂದು ಬಿಟ್ಬಿಡಮ್ಮ" ಎಂದು ಅವರು ಕೈ ಮುಗಿಯುತ್ತಿದ್ದರು. ಅಣ್ಣ, "ಏನಂದ? ಏನಂದ?" ಎಂದು ಬಿಡುತ್ತಿರಲಿಲ್ಲ. ಮೊದಲ ಕೆಲವು ವಾರ ಅದರಲ್ಲೂ ಒಂದು ನಗೆ ಇತ್ತು. ಆದರೆ ನಾನು ಹೇಳಿ ಮುಗಿಸುವಷ್ಟರಲ್ಲಿ ಅವರ ಮಾತು ಮುಂದೆ ಹೋಗಿರುತ್ತಿತ್ತು. ಅಣ್ಣನ ಉತ್ತರ ಯಾವಾಗಲೂ ಹಿಂದಿನ ಮಾತಿಗೆ ಬೀಳುತ್ತಿತ್ತು. ನಿಧಾನಕ್ಕೆ ಅವನು ಉತ್ತರಿಸುವುದನ್ನು ಬಿಟ್ಟ. ನಿಧಾನಕ್ಕೆ ಅವರೂ ಕೇಳುವುದನ್ನು ಬಿಟ್ಟರು. ಅಳತೆಯ ದಿನ ಈಗ ಕೆಂಗೇರಿಯವನು ಓಡಿಸುತ್ತಾನೆ. ಯಾರೂ ಅಣ್ಣನನ್ನು "ಕಿವಿ" ಎನ್ನುವುದಿಲ್ಲ. ಮರೆತು ಒಮ್ಮೆ ಅಂದವನು ನಾಲಿಗೆ ಕಚ್ಚಿಕೊಂಡ.

ಮೆಷಿನ್ ಕೊಂಡೆವು. ಬ್ಯಾಂಕಿನಲ್ಲಿ ಹಾಕಿಕೊಳ್ಳುತ್ತಾನೆ. ಎಲ್ಲರೂ ಪಾತ್ರೆಯೊಳಗೆ ತಲೆಯಿಟ್ಟು ಮಾತಾಡಿದ ಹಾಗಿದೆ ಎನ್ನುತ್ತಾನೆ. ಕಾರಿನಲ್ಲಿ ತೆಗೆದಿಡುತ್ತಾನೆ.

ಆರ್‌ಪಿಎಂ ಮೀಟರಿನ ಟೇಪನ್ನು ಅವನೇ ಒಂದು ದಿನ ಕಿತ್ತ. ಅದರ ಅಂಟು ಒಣಗಿ ಗಾಜಿನ ಮೇಲೆ ಚೌಕ ಉಳಿದಿತ್ತು. ಉಗುರಿನಿಂದ ಕೆರೆದು ತೆಗೆದ. ಕೆಲವು ದಿನ ಮುಳ್ಳು ನೋಡಿಕೊಂಡು ಓಡಿಸಿದ. ಇಷ್ಟು ವರ್ಷ ರಸ್ತೆಯ ಮೇಲಿದ್ದ ಕಣ್ಣು ಒಂದು ಕ್ಷಣ ಕೆಳಗಿಳಿಯುತ್ತಿತ್ತು. ಬಾಪೂಜಿ ನಗರದ ಸಿಗ್ನಲ್ ಹತ್ತಿರ ಒಂದು ಆಟೋದ ಕನ್ನಡಿಗೆ ತಾಗಿಸಿಬಿಟ್ಟ. ಆಟೋದವನು ಇಳಿದು, "ಏನ್ ಸ್ವಾಮಿ, ಕಿವಿ ಕೇಳಲ್ವಾ? ಹಾರ್ನ್ ಹೊಡಿತಾ ಇದೀನಿ" ಎಂದ. ಹಾರ್ನ್ ಅಣ್ಣನಿಗೆ ಕೇಳಿಸಿತ್ತು. ಅವನು ಮುಳ್ಳು ನೋಡುತ್ತಿದ್ದ. ಅದನ್ನು ಆಟೋದವನಿಗೆ ವಿವರಿಸುವುದು ಹೇಗೆ? "ಸಾರಿ ಅಣ್ಣ" ಎಂದ. ಮನೆಗೆ ಬಂದವನೇ ಮೀಟರಿನ ಮೇಲೆ ಹೊಸ ಟೇಪು ಅಂಟಿಸಿದ.

"ನೀನ್ ಹೇಳ್ಬಿಡೇ" ಎಂದ ನನಗೆ. "ಗೇರ್ ಯಾವಾಗ ಅಂತ. ನಿಂಗೆ ಕೇಳತ್ತಲ್ಲ."

ಹಾಗೆ ನಾವಿಬ್ಬರೂ ಓಡಿಸತೊಡಗಿದೆವು. ಅವನ ಕೈ ಕಾಲು, ನನ್ನ ಕಿವಿ. ಭಾನುವಾರ ದರ್ಶಿನಿಗೆ ಹೋಗುವುದರ ಬದಲು ಅದೇ ದಾರಿಯಲ್ಲಿ ನಾವೇ ಹೋಗಿ ಬರುತ್ತೇವೆ. ಬಂಕ್ ದಾಟುವಾಗ ಅವರ ಕಾರುಗಳು ನಿಂತಿರುವುದು ಕಾಣುತ್ತದೆ. ಒಮ್ಮೊಮ್ಮೆ ಅವನು ಕೈ ಎತ್ತುತ್ತಾನೆ. ನಾನು "ಮೂರು", "ನಾಲ್ಕು", "ಇಳಿಸು" ಎನ್ನುತ್ತಿರುತ್ತೇನೆ. ಹೇಳಿದ ತಕ್ಷಣ ಬದಲಿಸುತ್ತಾನೆ. ಹಳೆಯ ನಯ ಹಾಗೆಯೇ ಇದೆ. ಈ ಏರ್ಪಾಟಿನಲ್ಲಿ ಮೈಲೇಜ್ ಸ್ವಲ್ಪ ಮೇಲೆ ಬಂತು. ಅಳೆದು ಅವನಿಗೆ ಹೇಳಿದೆ. "ನೋಡ್ದ್ಯಾ" ಎಂದ.

ಕಳೆದ ಭಾನುವಾರ ಸುಂಕದಕಟ್ಟೆ ದಾಟಿ ಹೋಗುತ್ತಿದ್ದೆವು. ಮುಂದೆ ಜಲ್ಲಿ ತುಂಬಿದ ಲಾರಿ, ರಸ್ತೆ ಏರುತ್ತಿತ್ತು. ನಾಲ್ಕನೇ ಗೇರಿನಲ್ಲಿ ಇಂಜಿನ್ ಕುಗ್ಗತೊಡಗಿತು. "ಇಳಿಸು" ಎಂದೆ. ಅವನು ಇಳಿಸಲಿಲ್ಲ. ಲಾರಿಯನ್ನು ನೋಡುತ್ತಿದ್ದ. ಇಂಜಿನ್ ಗೊರಗೊರ ಎಂದಿತು, ಗೇರಿನ ಗುಬಟು ಅದುರಿತು; ಅವನ ಕೈಗಳೆರಡೂ ಸ್ಟೀರಿಂಗ್ ಮೇಲಿದ್ದವು. "ಅಣ್ಣ, ಇಳಿಸು" ಎಂದೆ ಇನ್ನೊಮ್ಮೆ, ದರ್ಶಿನಿಯಲ್ಲಿ ಹೇಳುತ್ತಿದ್ದಷ್ಟೇ ಎತ್ತರದ ದನಿಯಲ್ಲಿ. ಅವನ ಮುಖದಲ್ಲಿ ಏನೂ ಬದಲಾಗಲಿಲ್ಲ. ಅವನು ಕಾಯುತ್ತಿದ್ದ. ನಾನು ಹೇಳುವುದನ್ನೇ ಕಾಯುತ್ತಿದ್ದ.

ಕಾರು ಎರಡು ಸಲ ಜಗ್ಗಿ ಏರಿನ ಮಧ್ಯೆ ನಿಂತುಹೋಯಿತು. ಹಿಂದಿನಿಂದ ಹಾರ್ನ್‌ಗಳು. ಅವನು ಹ್ಯಾಂಡ್‌ಬ್ರೇಕ್ ಎಳೆದು ನನ್ನ ಕಡೆ ತಿರುಗಿದ. ಸಿಟ್ಟೇನೂ ಇರಲಿಲ್ಲ.

"ಹೇಳೋದಲ್ವೇನೇ?"

ಅವನಿಗೆ ಕೇಳಿಸುವಂತೆ, ಅವನ ಮುಖಕ್ಕೆ ಹತ್ತಿರ ಬಾಗಿ, ಅಮ್ಮನ ತೆಳು ದನಿಯಷ್ಟು ಎತ್ತರಿಸಿ ಹೇಳಿದೆ.

"ಮರೆತುಬಿಟ್ಟೆ, ಅಣ್ಣ."

"ಎಲ್ಲೋ ಇರ್ತೀಯ" ಎಂದು, ಮತ್ತೆ ಸ್ಟಾರ್ಟ್ ಮಾಡಿ, ಇಂಜಿನ್ ಹತ್ತಿಕೊಂಡಿತೇ ಎಂದು ತಿಳಿಯಲು ನನ್ನ ಮುಖ ನೋಡಿದ. ನಾನು ತಲೆಯಾಡಿಸಿದೆ.